ಮಾವನ ಶಾಮಿಯಾನ ಆ್ಯಪ್‌ಗೆ ನ್ಯಾವಿಗೇಶನ್ ಹಾಕಿದ್ದು: ಒಂದು ಸ್ಕ್ರೀನಿಂದ ಐದು ಸ್ಕ್ರೀನಿಗೆ

ಮಾವಂದು ಶಾಮಿಯಾನ ಅಂಗಡಿ. ಚೇರು, ಟೇಬಲ್ಲು, ಜಮಖಾನ, ಅಡುಗೆ ಪಾತ್ರೆ ಎಲ್ಲಾ ಬಾಡಿಗೆಗೆ ಹೋಗತ್ತೆ, ಮದ್ವೆನೋ ಗೃಹಪ್ರವೇಶನೋ ಮುಗಿದ್ಮೇಲೆ ವಾಪಸ್ ಬರತ್ತೆ, ಬಂದಾಗ ಎಣಿಸಿ ಇಳಿಸ್ಕೋಬೇಕು. ಈ ಲೆಕ್ಕಕ್ಕೆ ಅಂತ ಫ್ಲಟರ್‌ನಲ್ಲಿ ಒಂದು ಆ್ಯಪ್ ಮಾಡ್ಕೊಟ್ಟಿದ್ದೆ. ಮಾವನ ಹತ್ರ ಆಂಡ್ರಾಯ್ಡ್ ಫೋನು, ತಿಂಗಳ ಲೆಕ್ಕ ನೋಡೋ ಅವ್ರ ಮಗಳ ಹತ್ರ ಐಫೋನು, ಒಂದೇ ಕೋಡಲ್ಲಿ ಎರಡಕ್ಕೂ ಆಗ್ಲಿ ಅಂತ ಫ್ಲಟರ್ ಹಿಡಿದಿದ್ದು. ಡೇಟಾ ಎಲ್ಲಾ ಫೋನಲ್ಲೇ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್‌ನಲ್ಲಿ ಇರತ್ತೆ, ಸಂಜೆ ಅಂಗಡಿ ಬಾಗ್ಲು ಹಾಕೋ ಮುಂಚೆ ಒಂದು ಫೈಲ್ ಎಕ್ಸ್‌ಪೋರ್ಟ್ ಮಾಡಿ ಮಗಳಿಗೆ ಕಳಿಸ್ತಾರೆ.

ಮೊದಲ್ನೇ ವರ್ಶನ್‌ನಲ್ಲಿ ಇದ್ದಿದ್ದು ಒಂದೇ ಒಂದು ಸ್ಕ್ರೀನು. ಮೇಲ್ಗಡೆ ಆರ್ಡರ್ ಲಿಸ್ಟು, ಒಂದು ಆರ್ಡರ್ ಮುಟ್ಟಿದ್ರೆ ಅದೇ ಜಾಗದಲ್ಲಿ ಡೀಟೇಲ್ಸ್ ಬಿಚ್ಕೊಳ್ಳತ್ತೆ, ವಾಪಸ್ ಎಣಿಕೆ ಮಾಡ್ಬೇಕಂದ್ರೆ ಇನ್ನೊಂದು ಫ್ಲ್ಯಾಗ್ ಆನ್ ಆಗಿ ಅದೇ ಸ್ಕ್ರೀನಲ್ಲಿ ಇನ್ನೊಂದು ರೂಪ ಬರತ್ತೆ. ಹೊಸ ಆರ್ಡರ್ ಫಾರಂ ಕೂಡ ಅಲ್ಲೇ. ಸ್ಕ್ರೀನ್ ಕಟ್ಟೋ ಬಿಲ್ಡ್ ಮೆಥಡ್ ಒಂದೇ 600 ಲೈನ್ ದಾಟಿತ್ತು, ಒಳಗೆ ಇಫ್ ಮೇಲೆ ಇಫ್. ನನಗೆ ಅದು ತೊಂದ್ರೆ ಅನ್ಸಿರ್ಲಿಲ್ಲ, ಮಾವ ಫೋನ್ ಮಾಡಿ "ಲೋ, ಡೀಟೇಲ್ ನೋಡ್ತಾ ಇರ್ತೀನಿ, ಕೆಳಗಿನ ಬ್ಯಾಕ್ ಬಟನ್ ಒತ್ತಿದ್ರೆ ಆ್ಯಪೇ ಮುಚ್ಕೊಂಡ್ ಹೋಗತ್ತಲ್ಲೋ" ಅಂದಾಗ್ಲೇ ಗೊತ್ತಾಗಿದ್ದು. ಅವ್ರು ಹೇಳಿದ್ದು ಸರಿ. ನನ್ನ ಕಣ್ಣಿಗೆ ಅವು ನಾಲ್ಕು ಸ್ಕ್ರೀನು, ಫೋನಿನ ಲೆಕ್ಕದಲ್ಲಿ ಒಂದೇ ಸ್ಕ್ರೀನು, ಒಂದೇ ಇದ್ದಾಗ ಬ್ಯಾಕ್ ಒತ್ತಿದ್ರೆ ಹೋಗೋಕೆ ಹಿಂದೆ ಏನೂ ಇರಲ್ಲ, ಆ್ಯಪ್ ಬಿಟ್ಟು ಹೊರಗೆ ಹೋಗೋದೇ ದಾರಿ.

ಒಂದು ಶನಿವಾರ ಊರಿಗೆ ಹೋಗಿ ಅಂಗಡಿಯಲ್ಲೇ ಲ್ಯಾಪ್‌ಟಾಪ್ ಇಟ್ಕೊಂಡು ಕೂತೆ. ಕೋಡ್ ಮುಟ್ಟೋ ಮುಂಚೆ ಮಾವನ ಹಳೇ ಆರ್ಡರ್ ಬುಕ್ಕಿನ ಹಿಂದಿನ ಖಾಲಿ ಹಾಳೆಯಲ್ಲಿ ಐದು ಬಾಕ್ಸ್ ಬರ್ಕೊಂಡೆ: ಆರ್ಡರ್ ಲಿಸ್ಟು, ಆರ್ಡರ್ ವಿವರ, ಹೊಸ ಆರ್ಡರ್, ವಾಪಸ್ ಎಣಿಕೆ, ಸ್ಟಾಕು. ಯಾವ್ದರಿಂದ ಯಾವ್ದಕ್ಕೆ ಹೋಗ್ಬೋದು ಅಂತ ಬಾಣ ಹಾಕ್ದೆ. ಹೋಗೋ ಬಾಣ ಎರಡು ನಿಮಿಷದಲ್ಲಿ ಮುಗೀತು. ಬರೋ ಬಾಣ ಹಾಕಕ್ಕೆ ಹೋದಾಗ ಪ್ರತಿಯೊಂದಕ್ಕೂ ಯೋಚನೆ ಮಾಡ್ಬೇಕಾಯ್ತು, ಎಣಿಕೆ ಮುಗಿಸಿ ಬ್ಯಾಕ್ ಬಂದ್ರೆ ವಿವರಕ್ಕೆ ಬರ್ಬೇಕಾ ಲಿಸ್ಟಿಗೆ ಬರ್ಬೇಕಾ, ಹೊಸ ಆರ್ಡರ್ ಸೇವ್ ಆದ್ಮೇಲೆ ಖಾಲಿ ಫಾರಂ ಮತ್ತೆ ಕಾಣ್ಬೇಕಾ ಬೇಡ್ವಾ, ಹೀಗೆ. ಮಾವ ಪಕ್ಕದಲ್ಲಿ ಟೀ ಕುಡೀತಾ ನೋಡಿ "ಕಳಿಸೋದೇನು ಗಾಡಿ ಹತ್ಸಿದ್ರಾಯ್ತು, ವಾಪಸ್ ತರೋದೇ ಕಣೋ ತಲೆನೋವು" ಅಂದ್ರು, ಅವ್ರು ಹೇಳಿದ್ದು ಪಾತ್ರೆ ವಿಷಯ, ಆದ್ರೆ ಈ ಕೆಲಸದ ಮುಕ್ಕಾಲು ಪಾಲು ಹೋಗಿದ್ದು ಅದೇ ಕಡೆಗೇ.

ಮೊದಲು ಫ್ಲಟರ್ ಜೊತೆಗೇ ಬರೋ ನ್ಯಾವಿಗೇಟರ್‌ನಲ್ಲೇ ಶುರು ಮಾಡ್ದೆ. ಅದು ಒಂದು ಸ್ಟ್ಯಾಕು, ತಟ್ಟೆ ಮೇಲೆ ತಟ್ಟೆ ಜೋಡಿಸಿದ ಹಾಗೆ. ಪುಶ್ ಅಂದ್ರೆ ಮೇಲೊಂದು ಇಡೋದು, ಪಾಪ್ ಅಂದ್ರೆ ಮೇಲಿಂದು ತೆಗೆಯೋದು, ಬಳಕೆದಾರರಿಗೆ ಕಾಣೋದು ಯಾವಾಗ್ಲೂ ಮೇಲಿನ ತಟ್ಟೆ. ಮೇಲಿಂದು ತೆಗೆದಾಗ ಅದು ಡಿಸ್ಪೋಸ್ ಆಗಿ, ಅಂದ್ರೆ ಮೆಮರಿಯಿಂದ ಅಳಿಸಿ ಹೋಗತ್ತೆ, ಕೆಳಗೆ ಮುಚ್ಚಿಹೋಗಿರೋದು ಮಾತ್ರ ಮೆಮರಿಯಲ್ಲಿ ಹಾಗೇ ಇರತ್ತೆ. ಈ ಕೊನೇ ಮಾತು ಇಟ್ಕೊಳಿ, ಮುಂದೆ ಬರತ್ತೆ.

ಡೀಟೇಲ್ ಭಾಗ ಕಿತ್ತು ಬೇರೆ ಫೈಲಿಗೆ ಹಾಕಿ, ಬಟನ್ ಒಂದಕ್ಕೆ ನ್ಯಾವಿಗೇಟರ್ ಡಾಟ್ ಪುಶ್ ಬರ್ದು ಒತ್ತಿದ್ರೆ ಕೆಂಪು ಅಕ್ಷರದಲ್ಲಿ ಎರರ್, ನೀವು ಕೊಟ್ಟ ಕಾಂಟೆಕ್ಸ್ಟ್‌ನಲ್ಲಿ ನ್ಯಾವಿಗೇಟರ್ರೇ ಇಲ್ಲ ಅಂತ. ಹೊಸದಾಗಿ ಮಾಡೋರೆಲ್ಲ ಒಂದ್ಸಲ ಈ ಎರರ್ ನೋಡೇ ನೋಡ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಫ್ಲಟರ್‌ನಲ್ಲಿ ಸ್ಕ್ರೀನ್ ಕಟ್ಟೋ ಪ್ರತಿ ತುಂಡಿಗೂ ವಿಜೆಟ್ ಅಂತಾರೆ, ನ್ಯಾವಿಗೇಟರನ್ನ ಹುಟ್ಟಿಸೋದು ಮೆಟೀರಿಯಲ್‌ಆ್ಯಪ್ ಅನ್ನೋ ವಿಜೆಟ್. ಕಾಂಟೆಕ್ಸ್ಟ್ ಅಂದ್ರೆ ವಿಜೆಟ್ ಮರದಲ್ಲಿ ನಾನು ನಿಂತಿರೋ ಕೊಂಬೆ, ಅಲ್ಲಿಂದ ಮೇಲಕ್ಕೆ ಹುಡುಕ್ಕೊಂಡು ಹೋಗತ್ತೆ, ಕೆಳಕ್ಕೆ ನೋಡಲ್ಲ. ನಂದು ಒಂದೇ ವಿಜೆಟ್ಟು, ಅದರ ಬಿಲ್ಡ್ ಒಳಗೇ ಮೆಟೀರಿಯಲ್‌ಆ್ಯಪ್ಪೂ ಇತ್ತು ಬಟನ್ನೂ ಇತ್ತು, ಹಂಗಾಗಿ ಬಟನ್‌ಗೆ ಸಿಕ್ಕಿದ ಕಾಂಟೆಕ್ಸ್ಟ್ ಮೆಟೀರಿಯಲ್‌ಆ್ಯಪ್‌ಗಿಂತ ಮೇಲಿಂದು, ಅದಕ್ಕಿಂತ ಮೇಲೆ ಎಷ್ಟು ಹುಡುಕಿದ್ರೂ ನ್ಯಾವಿಗೇಟರ್ ಸಿಗಲ್ಲ. ಲಿಸ್ಟನ್ನ ಬೇರೆ ವಿಜೆಟ್ ಮಾಡಿ ಮೆಟೀರಿಯಲ್‌ಆ್ಯಪ್‌ನ ಹೋಮ್‌ಗೆ ಕೊಟ್ಟೆ, ಎರರ್ ಹೋಯ್ತು, ಡೀಟೇಲ್ ಸ್ಕ್ರೀನ್ ಬಂತು, ಮೇಲೆ ಎಡಗಡೆ ಹಿಂದಿನ ಬಾಣ ತಾನಾಗೇ ಬಂತು, ಆ ಬಾಣಕ್ಕೆ ನಾನೊಂದು ಲೈನೂ ಬರ್ದಿರ್ಲಿಲ್ಲ.

ಡೀಟೇಲ್ ಸ್ಕ್ರೀನಿಗೆ ಯಾವ ಆರ್ಡರ್ ಅಂತ ಹೇಳ್ಬೇಕಲ್ಲ, ಸುಲಭ ಅಂತ ಇಡೀ ಆರ್ಡರ್ ಆಬ್ಜೆಕ್ಟನ್ನೇ ಕನ್‌ಸ್ಟ್ರಕ್ಟರ್‌ನಲ್ಲಿ ಕಳಿಸ್ದೆ. ತೋರ್ಸೋದಕ್ಕೆ ಚೆನ್ನಾಗಿತ್ತು. ಆದ್ರೆ ಡೀಟೇಲ್‌ನಲ್ಲಿ ಅಡ್ವಾನ್ಸ್ 2000 ಇದ್ದಿದ್ದನ್ನ 3000 ಮಾಡಿ ಸೇವ್ ಕೊಟ್ಟು ಬ್ಯಾಕ್ ಬಂದ್ರೆ ಲಿಸ್ಟಲ್ಲಿ ಇನ್ನೂ 2000. ಡೇಟಾಬೇಸ್ ತೆಗೆದು ನೋಡಿದ್ರೆ 3000 ಸರಿಯಾಗೇ ಕೂತಿದೆ. ಮೇಲೆ ಹೇಳಿದ್ನಲ್ಲ, ಕೆಳಗಿನ ತಟ್ಟೆ ಹಾಗೇ ಇರತ್ತೆ ಅಂತ, ಲಿಸ್ಟ್ ಸ್ಕ್ರೀನು ಎಲ್ಲೂ ಹೋಗಿರ್ಲಿಲ್ಲ, ಸ್ಕ್ರೀನ್ ಹುಟ್ಟಿದಾಗ ಓಡೋ ಅದರ ಇನಿಟ್‌ಸ್ಟೇಟ್ ಆ್ಯಪ್ ತೆಗೆದಾಗ ಒಂದ್ಸಲ ಓಡಿತ್ತು, ವಾಪಸ್ ಬಂದಾಗ ಮತ್ತೆ ಓಡಲ್ಲ, ಅದಕ್ಕೆ ಹಳೇ ಲಿಸ್ಟನ್ನೇ ಹಿಡ್ಕೊಂಡು ಕೂತಿತ್ತು. ಪುಶ್ ಒಂದು ಫ್ಯೂಚರ್ ಕೊಡತ್ತೆ, ಅಂದ್ರೆ ಉತ್ತರ ಆಮೇಲೆ ಬರತ್ತೆ ಅನ್ನೋ ಚೀಟಿ, ಮೇಲಿನ ಸ್ಕ್ರೀನ್ ಪಾಪ್ ಆದಾಗ ಅದು ಪೂರ್ತಿಯಾಗತ್ತೆ, ಪಾಪ್ ಮಾಡೋವಾಗ ಒಂದು ಬೆಲೆಯನ್ನೂ ಜೊತೆಗೆ ಕಳಿಸ್ಬೋದು. ಹಾಗಾಗಿ ಆ ಉತ್ತರಕ್ಕೆ ಕಾಯೋ ಹಾಗೆ ಪುಶ್‌ಗೆ ಮುಂದೆ ಅವೇಟ್ ಹಾಕಿ, ಡೀಟೇಲ್‌ನಿಂದ ಬದಲಾಗಿದೆ ಅಂತ ಟ್ರೂ ಬಂದ್ರೆ ಡೇಟಾಬೇಸಿಂದ ಮತ್ತೆ ಓದು ಅಂತ ಬರ್ದೆ. ಅವೇಟ್ ಆದ್ಮೇಲೆ ಕಾಂಟೆಕ್ಸ್ಟ್ ಮುಟ್ಟೋ ಮುಂಚೆ ಮೌಂಟೆಡ್ ಇದೆಯಾ, ಅಂದ್ರೆ ಇನ್ನೂ ವಿಜೆಟ್ ಮರದಲ್ಲಿ ಇದೆಯಾ ಅಂತ ಚೆಕ್ ಮಾಡ್ಲೇಬೇಕು, ಅಷ್ಟೊತ್ತಿಗೆ ಆ ಸ್ಕ್ರೀನೇ ಹೋಗಿರ್ಬೋದು. ಜೊತೆಗೇ ಇಡೀ ಆಬ್ಜೆಕ್ಟ್ ಕಳಿಸೋದು ಬಿಟ್ಟು ಆರ್ಡರ್ ನಂಬರ್ ಮಾತ್ರ ಕಳಿಸೋ ಹಾಗೆ ಮಾಡ್ದೆ, ಪ್ರತಿ ಸ್ಕ್ರೀನೂ ತನಗೆ ಬೇಕಾದ್ದನ್ನ ತಾನೇ ಓದ್ಕೊಳ್ಳಲಿ ಅಂತ. ಇದು ಆಗ ಬರೀ ಅಚ್ಚುಕಟ್ಟಿಗೆ ಮಾಡಿದ್ದು, ಆಮೇಲೆ ಇದರಿಂದಾನೇ ಬಚಾವಾದೆ.

ಡಬಲ್ ಟ್ಯಾಪ್ ಬಗ್ಗೆ ಎರಡು ಮಾತು. ಮಾವ ಬಟನ್‌ಗಳನ್ನ ಎರಡೆರಡು ಸಲ ಒತ್ತುತ್ತಾರೆ, ಫೋನ್ ನಿಧಾನ ಅಂತ ಅಭ್ಯಾಸ. ಒಂದೇ ಡೀಟೇಲ್ ಸ್ಕ್ರೀನ್ ಎರಡು ಸಲ ಪುಶ್ ಆಗಿ, ಬ್ಯಾಕ್ ಒತ್ತಿದ್ರೂ ಅದೇ ಸ್ಕ್ರೀನ್ ಕಾಣ್ತಿತ್ತು, ಬ್ಯಾಕ್ ಕೆಲಸ ಮಾಡ್ತಿಲ್ಲ ಅಂತ ಅವ್ರ ಕಂಪ್ಲೇಂಟು. ಪುಶ್ ನಡೀತಿರೋವಾಗ ಒಂದು ಬೂಲಿಯನ್ ಹಿಡಿದು ಎರಡನೇ ಟ್ಯಾಪ್ ಬಿಟ್ಟುಬಿಡೋ ಹಾಗೆ ಮಾಡಿದ್ಮೇಲೆ ನಿಂತೋಯ್ತು.

ಈಗ ಎಣಿಕೆ ಸ್ಕ್ರೀನು. ಇಡೀ ಆ್ಯಪ್‌ನಲ್ಲಿ ನನಗೆ ಮುಖ್ಯ ಅನ್ಸೋದು ಇದು, ಯಾಕಂದ್ರೆ ದುಡ್ಡು ಹೋಗೋದು ಇಲ್ಲೇ. ಲಗೇಜ್ ಆಟೋ ಬಂದು ನಿಲ್ಲತ್ತೆ, ಹುಡುಗರು ಇಳಿಸ್ತಾ ಇರ್ತಾರೆ, ಮಾವ ಒಂದ್ಕಡೆ ಫೋನ್ ಹಿಡ್ಕೊಂಡು ನಿಂತಿರ್ತಾರೆ. ಚೇರು 200 ಹೋಗಿತ್ತು, 198 ಬಂತು. ದೊಡ್ಡ ಕಡಾಯಿ 4 ಹೋಗಿತ್ತು, 4 ಬಂತು. ಸೌಟು 12 ಹೋಗಿತ್ತು, 9 ಬಂತು. ಪ್ರತಿ ಸಾಮಾನಿನ ಎದುರು ಪ್ಲಸ್ಸು ಮೈನಸ್ಸು, ಮಧ್ಯ ದೊಡ್ಡ ಅಂಕಿ. ಕಡಿಮೆ ಬಂದಿದ್ರೆ ಆ ಸಾಲು ಕೆಂಪಾಗತ್ತೆ. ಇಪ್ಪತ್ತೈದು ಮೂವತ್ತು ಸಾಲು ಇರತ್ತೆ, ಹದಿನೈದು ನಿಮಿಷದ ಕೆಲಸ. ಅಂಥಾದ್ದರ ಮಧ್ಯ ಕೈ ತಾಗಿ ಬ್ಯಾಕ್ ಆದ್ರೆ ಸ್ಕ್ರೀನ್ ಡಿಸ್ಪೋಸ್, ಎಣಿಸಿದ್ದೆಲ್ಲ ಹೋಯ್ತು. ಭಾನುವಾರ ಬೆಳಿಗ್ಗೆ ನನ್ನ ಕಣ್ಣೆದುರೇ ಹಂಗಾಯ್ತು, ಇಳಿಸಿ ಒಳಗೆ ಜೋಡಿಸಿಟ್ಟ ಲೋಟ ತಟ್ಟೆ ಎಲ್ಲಾ ಮತ್ತೆ ಹೊರಗೆ ತಂದು ಎಣಿಸ್ಬೇಕಾಯ್ತು. ಮಾವ ಒಂದು ಮಾತೂ ಬೈಲಿಲ್ಲ, ಸುಮ್ನೆ ಬುಕ್ಕು ಪೆನ್ನು ತಗೊಂಡ್ರು. ಅದು ನೋಡಿ ನನಗೆ ತುಂಬಾ ಬೇಜಾರಾಯ್ತು, ಇವ್ರ ಕೆಲಸ ಸುಲಭ ಆಗ್ಲಿ ಅಂತಾನೇ ಅಲ್ವಾ ಇದೆಲ್ಲ ಮಾಡಿದ್ದು.

ಬ್ಯಾಕ್ ತಡೆಯೋಣ ಅಂತ ಹೊರಟೆ. ನನಗೆ ಗೊತ್ತಿದ್ದಿದ್ದು ಅದಕ್ಕೆ ಅಂತಾನೇ ಇರೋ ವಿಲ್‌ಪಾಪ್‌ಸ್ಕೋಪ್ ಅನ್ನೋ ವಿಜೆಟ್. ಅದನ್ನ ಹಾಕಿದ ತಕ್ಷಣ ಎಡಿಟರ್‌ನಲ್ಲಿ ಹೆಸರಿನ ಮೇಲೆ ಅಡ್ಡಗೆರೆ, ಇದು ಹಳೇದು, ಪಾಪ್‌ಸ್ಕೋಪ್ ಬಳಸಿ ಅಂತ. 2023ರ ನವೆಂಬರ್‌ನಲ್ಲಿ ಬಂದ ಫ್ಲಟರ್ 3.16ರಿಂದ ಹೀಗೆ. ಯಾಕೆ ಬದಲಾಯಿಸಿದ್ರು ಅಂತ ತಿಳ್ಕೊಂಡ್ರೆ ಬಳಸೋದು ಸುಲಭ. ಹಳೇದು ಬ್ಯಾಕ್ ಒತ್ತಿದ್ಮೇಲೆ ನಮ್ಮನ್ನ ಕೇಳ್ತಿತ್ತು, ಹೋಗ್ಲಾ ಬೇಡ್ವಾ ಅಂತ, ನಾವು ಡೈಲಾಗ್ ತೋರ್ಸಿ ನಿಧಾನಕ್ಕೆ ಉತ್ತರ ಕೊಡ್ಬೋದಿತ್ತು. ಆದ್ರೆ ಆಂಡ್ರಾಯ್ಡ್ 13ರಿಂದ ಪ್ರಿಡಿಕ್ಟಿವ್ ಬ್ಯಾಕ್ ಅಂತ ಶುರುವಾಯ್ತು, ಅಂಚಿಂದ ಎಳೆಯೋವಾಗ್ಲೇ ಹಿಂದೆ ಏನಿದೆ ಅಂತ ಇಣುಕಿ ತೋರ್ಸತ್ತೆ, ಇಷ್ಟ ಆಗ್ಲಿಲ್ಲ ಅಂದ್ರೆ ಬೆರಳು ವಾಪಸ್ ತಂದು ಬಿಟ್ಟುಬಿಡ್ಬೋದು. ಇಣುಕಿ ತೋರ್ಸ್ಬೇಕಂದ್ರೆ ಬೆರಳು ಇಡೋ ಮುಂಚೆನೇ ಫೋನಿಗೆ ಗೊತ್ತಿರ್ಬೇಕು, ಈ ಸ್ಕ್ರೀನು ಬಿಟ್ಟುಕೊಡತ್ತಾ ಇಲ್ವಾ ಅಂತ. ಹಂಗಾಗಿ ಪಾಪ್‌ಸ್ಕೋಪ್‌ನಲ್ಲಿ ಕ್ಯಾನ್‌ಪಾಪ್ ಅಂತ ಒಂದು ಟ್ರೂ ಫಾಲ್ಸ್, ಮೊದಲೇ ಹೇಳಿಟ್ಟಿರ್ಬೇಕು. ಬ್ಯಾಕ್ ಪ್ರಯತ್ನ ನಡೆದ್ಮೇಲೆ ಒಂದು ಕಾಲ್‌ಬ್ಯಾಕ್ ಬರತ್ತೆ, ಅಂದ್ರೆ ನಾವು ಬರ್ದಿಟ್ಟ ಫಂಕ್ಷನ್ನನ್ನ ಫ್ಲಟರ್ ಕರೆಯತ್ತೆ, ಅದರಲ್ಲಿ ಡಿಡ್‌ಪಾಪ್ ಅಂತ, ನಿಜವಾಗ್ಲೂ ಹೋಯ್ತಾ ಅಥವಾ ತಡೆದ್ವಾ ಅಂತ ಗೊತ್ತಾಗತ್ತೆ.

ನಾನು ಮಾಡಿದ್ದು: ಎಣಿಕೆ ಬದಲಾಗಿದ್ರೆ ಕ್ಯಾನ್‌ಪಾಪ್ ಫಾಲ್ಸ್, ಕಾಲ್‌ಬ್ಯಾಕ್‌ನಲ್ಲಿ ಡಿಡ್‌ಪಾಪ್ ಫಾಲ್ಸ್ ಇದ್ರೆ ಎಣಿಕೆ ಬಿಟ್ಟು ಹೋಗೋದಾ ಅಂತ ಡೈಲಾಗ್, ಹೌದು ಅಂದ್ರೆ ನ್ಯಾವಿಗೇಟರ್ ಡಾಟ್ ಪಾಪ್. ಮೊದಲು ಬರೆದಾಗ ಡಿಡ್‌ಪಾಪ್ ಚೆಕ್ ಮಾಡೋದು ಮರೆತಿದ್ದೆ. ನಾವೇ ಕರೆಯೋ ಪಾಪ್ ಕ್ಯಾನ್‌ಪಾಪ್‌ನ ಕೇಳಲ್ಲ, ಸೀದಾ ತೆಗೆಯತ್ತೆ, ತೆಗೆದ್ಮೇಲೆ ಅದೇ ಕಾಲ್‌ಬ್ಯಾಕ್ ಮತ್ತೆ ಬರತ್ತೆ, ಈ ಸಲ ಡಿಡ್‌ಪಾಪ್ ಟ್ರೂ ಆಗಿ. ಚೆಕ್ ಇಲ್ಲದೆ ಇದ್ದಿದ್ರಿಂದ ಹೋಗ್ತಾ ಇರೋ ಸ್ಕ್ರೀನಿಂದ ಇನ್ನೊಂದು ಡೈಲಾಗ್ ಎದ್ದು ಬಂತು. ಮೊದಲ್ನೇ ಲೈನಲ್ಲೇ ಡಿಡ್‌ಪಾಪ್ ಆಗಿದ್ರೆ ರಿಟರ್ನ್ ಅಂತ ಹಾಕಿದ್ಮೇಲೆ ಸರಿಹೋಯ್ತು.

ಮಾವನ ಫೋನಲ್ಲಿ ಸರಿ. ಐಫೋನ್ ಬಿಲ್ಡ್ ಮಾಡಕ್ಕೆ ಮ್ಯಾಕ್ ಬೇಕು, ಗೆಳೆಯನ ಹತ್ರ ಇದೆ, ಮುಂದಿನ ವಾರ ಅವ್ನ ಮನೇಲಿ ಕೂತು ಮಾವನ ಮಗಳ ಫೋನಿಗೆ ಹಾಕ್ದೆ, ದುಡ್ಡು ಕಟ್ಟದ ಆ್ಯಪಲ್ ಅಕೌಂಟಾದ್ರಿಂದ ಏಳೇ ದಿನ ಬಾಳೋದು, ಪರೀಕ್ಷೆಗೆ ಅಷ್ಟು ಸಾಕು. ಅವಳು ಎರಡು ಅಂಕಿ ಬದಲಾಯಿಸಿ ಎಡ ಅಂಚಿಂದ ಎಳೆದ್ಲು. ಏನೂ ಆಗ್ಲಿಲ್ಲ. ಇನ್ನೊಂದ್ಸಲ ಎಳೆದ್ಲು. "ಹ್ಯಾಂಗ್ ಆಯ್ತಾ ನೋಡು" ಅಂದ್ಲು. ಹ್ಯಾಂಗ್ ಅಲ್ಲ, ಐಫೋನಲ್ಲಿ ಕ್ಯಾನ್‌ಪಾಪ್ ಫಾಲ್ಸ್ ಆದ್ರೆ ಆ ಎಳೆಯೋ ಗೆಸ್ಚರ್ರೇ ಬಂದ್ ಆಗತ್ತೆ, ಡೈಲಾಗೂ ಬರಲ್ಲ, ಮೇಲಿನ ಬಾಣ ಒತ್ತಿದ್ರೆ ಮಾತ್ರ ಡೈಲಾಗ್. ಒಂದೇ ಕೋಡು ಎರಡೂ ಕಡೆ ಓಡತ್ತೆ ನಿಜ, ಆದ್ರೆ ಹಿಂದೆ ಹೋಗೋದ್ರಲ್ಲಿ ಎರಡು ಫೋನಿನವರ ಕೈ ಅಭ್ಯಾಸ ಬೇರೆ ಬೇರೆ, ಎರಡರಲ್ಲೂ ಕೈಯಲ್ಲಿ ಹಿಡಿದು ನೋಡದೆ ಆಯ್ತು ಅಂತ ಹೇಳ್ಬಾರ್ದು.

ಅದೇ ವಾರ ಇನ್ನೊಂದು ಬಂತು, ಇದು ಡೈಲಾಗಿಂದ ಬಗೆಹರಿಯೋ ಅಂಥದ್ದಲ್ಲ. ಎಣಿಸ್ತಾ ಇರೋವಾಗ ಕಾಲ್ ಬರತ್ತೆ, ಮಾತಾಡ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ಕಳಿಸ್ತಾರೆ, ಫೋಟೋ ತೆಗೀತಾರೆ, ವಾಪಸ್ ಆ್ಯಪ್‌ಗೆ ಬಂದ್ರೆ ಮೊದಲ್ನೇ ಲಿಸ್ಟ್ ಸ್ಕ್ರೀನು. ಕಡಿಮೆ ರ‍್ಯಾಮ್ ಫೋನು, ಹಿಂದೆ ಕೂತ ಆ್ಯಪನ್ನ ಆಂಡ್ರಾಯ್ಡ್ ಕೊಂದುಹಾಕಿರತ್ತೆ, ಬ್ಯಾಕೂ ಇಲ್ಲ ಪಾಪೂ ಇಲ್ಲ, ಇಡೀ ಸ್ಟ್ಯಾಕೇ ಮಾಯ. ನನ್ನ ಫೋನಲ್ಲಿ ಇದು ಆಗ್ತಾನೇ ಇರ್ಲಿಲ್ಲ. ಡೆವಲಪರ್ ಆಪ್ಶನ್ಸ್‌ನಲ್ಲಿ ಡೋಂಟ್ ಕೀಪ್ ಆ್ಯಕ್ಟಿವಿಟೀಸ್ ಅಂತ ಒಂದು ಸ್ವಿಚ್ ಇದೆ, ಅದು ಆನ್ ಮಾಡಿ ಹೋಮ್ ಒತ್ತಿ ವಾಪಸ್ ಬಂದ್ರೆ ಸಾಕು, ಮಾವನ ಫೋನಲ್ಲಿ ಆಗೋದು ನನ್ನ ಟೇಬಲ್ ಮೇಲೇ ಆಗತ್ತೆ.

ಇದಾದ್ಮೇಲೆ ಡೈಲಾಗೇ ತಪ್ಪು ಔಷಧಿ ಅಂತ ಖಾತ್ರಿಯಾಯ್ತು. ಎಣಿಸಿದ್ದು ಸ್ಕ್ರೀನ್ ಒಳಗೆ ಇರೋದ್ರಿಂದ ತಾನೇ ಸ್ಕ್ರೀನ್ ಹೋದ್ರೆ ಅದೂ ಹೋಗೋದು. ಎಣಿಕೆ_ಡ್ರಾಫ್ಟ್ ಅಂತ ಒಂದು ಟೇಬಲ್ ಮಾಡಿ, ಆರ್ಡರ್ ನಂಬರ್, ಸಾಮಾನು, ಬಂದ ಸಂಖ್ಯೆ, ಪ್ಲಸ್ ಒತ್ತಿದ ಪ್ರತಿ ಸಲ ಅಲ್ಲಿಗೆ ಬರೆಯೋದು. ಸ್ಕ್ರೀನ್ ತೆರೆದಾಗ ಆ ಆರ್ಡರ್ ನಂಬರಿಗೆ ಡ್ರಾಫ್ಟ್ ಇದ್ರೆ ಅಲ್ಲಿಂದ ಓದೋದು, ಮುಗೀತು ಅಂತ ಒತ್ತಿದಾಗ ಮಾತ್ರ ಅಸಲಿ ಟೇಬಲ್‌ಗೆ ಹಾಕಿ ಡ್ರಾಫ್ಟ್ ಅಳಿಸೋದು. ಸ್ಕ್ರೀನಿಗೆ ನಂಬರ್ ಮಾತ್ರ ಕಳಿಸೋ ಹಾಗೆ ಮಾಡಿದ್ನಲ್ಲ, ಅದಕ್ಕೇ ಇದು ಅರ್ಧ ದಿನದಲ್ಲಿ ಮುಗೀತು. ಡ್ರಾಫ್ಟ್ ಬಾಕಿ ಇದ್ರೆ ಲಿಸ್ಟ್ ಮೇಲ್ಗಡೆ ಹಳದಿ ಪಟ್ಟಿ, "ಎಣಿಕೆ ಅರ್ಧಕ್ಕೆ ನಿಂತಿದೆ" ಅಂತ, ಮುಟ್ಟಿದ್ರೆ ಸೀದಾ ಆ ಎಣಿಕೆಗೆ. ಡೈಲಾಗ್ ಕಿತ್ತುಹಾಕ್ದೆ, ಪಾಪ್‌ಸ್ಕೋಪ್ ಕಿತ್ತುಹಾಕ್ದೆ. ಐಫೋನಲ್ಲಿ ಎಳೆಯೋದು ತಾನಾಗೇ ವಾಪಸ್ ಬಂತು. ಎರಡು ದಿನ ಕೂತು ಕಲ್ತ ಕೋಡ್ ಅಳಿಸಿದ್ರೂ ಬೇಜಾರಾಗ್ಲಿಲ್ಲ, ಅದು ಕಲಿಯದೆ ಇದ್ದಿದ್ರೆ ಇಲ್ಲಿಗೆ ಬರ್ತಿರ್ಲಿಲ್ಲ.

ಕೊನೇದಾಗಿ ಕೆಳಗೆ ಟ್ಯಾಬ್ ಪಟ್ಟಿ ಬೇಕಾಯ್ತು, ಆರ್ಡರ್, ಸ್ಟಾಕು, ಹೊಸದು ಅಂತ. ಅದಕ್ಕೆ ಗೋ ರೌಟರ್‌ಗೆ ಬದಲಾಯಿಸ್ಕೊಂಡೆ, ಫ್ಲಟರ್ ತಂಡದವರೇ ನೋಡ್ಕೊಳೋ ಪ್ಯಾಕೇಜು. ಪ್ರತಿ ಸ್ಕ್ರೀನಿಗೂ ವೆಬ್ ವಿಳಾಸದ ಥರ ಒಂದು ಪಾತ್, ನಲವತ್ತೆರಡನೇ ಆರ್ಡರ್ ಅಂದ್ರೆ ಸ್ಲ್ಯಾಶ್ ಆರ್ಡರ್ ಸ್ಲ್ಯಾಶ್ 42. ಪಾತ್‌ನಿಂದ ಬರೋ 42 ಸ್ಟ್ರಿಂಗು, ನಂಬರ್ ಮಾಡ್ಕೊಳೋದು ನಮ್ಮ ಕೆಲಸ. ಎಕ್ಸ್‌ಟ್ರಾ ಅಂತ ಇನ್ನೊಂದು ದಾರೀಲಿ ಇಡೀ ಆಬ್ಜೆಕ್ಟ್ ಕಳಿಸ್ಬೋದು, ನಾನು ಆ ಕಡೆ ಹೋಗ್ಲಿಲ್ಲ, ಆ್ಯಪ್ ಸತ್ತು ಎದ್ರೆ ಅದು ಇರತ್ತೆ ಅಂತ ನಂಬಕ್ಕಾಗಲ್ಲ.

ಇಲ್ಲಿ ಒಂದು ಸಂಜೆ ಪೂರ್ತಿ ಹೋಗಿದ್ದು ಗೋ ಮತ್ತು ಪುಶ್ ಒಂದೇ ಅಂದ್ಕೊಂಡಿದ್ದಕ್ಕೆ. ಪುಶ್ ಈಗಿರೋ ಸ್ಟ್ಯಾಕ್ ಮೇಲೆ ಒಂದು ಇಡತ್ತೆ. ಗೋ ಹಂಗಲ್ಲ, ಯಾವ ಪಾತ್‌ಗೆ ಯಾವ ಸ್ಕ್ರೀನ್ ಅಂತ ನಾವು ಬರ್ದಿರೋ ರೌಟ್ ಪಟ್ಟಿಯಲ್ಲಿ ಈ ಪಾತ್‌ಗೆ ಯಾರ್ಯಾರು ತಾಯಿ ಅಂತ ನೋಡಿ ಸ್ಟ್ಯಾಕನ್ನ ಹೊಸದಾಗಿ ಕಟ್ಟತ್ತೆ. ನಾನು ಎಲ್ಲಾ ರೌಟನ್ನೂ ಒಂದೇ ಮಟ್ಟದಲ್ಲಿ ಅಕ್ಕಪಕ್ಕ ಬರ್ದಿದ್ದೆ, ಲಿಸ್ಟಿಂದ ಗೋ ಮಾಡಿ ಡೀಟೇಲ್‌ಗೆ ಹೋದ್ರೆ ಡೀಟೇಲ್‌ಗೆ ತಾಯೇ ಇಲ್ಲ, ಸ್ಟ್ಯಾಕಲ್ಲಿ ಅದೊಂದೇ, ಬ್ಯಾಕ್ ಒತ್ತಿದ್ರೆ ಆ್ಯಪ್ ಮುಚ್ಕೊಂಡು ಹೋಯ್ತು. ಮಾವ ಮೊದಲ್ನೇ ದಿನ ಹೇಳಿದ್ದೇ ಕಂಪ್ಲೇಂಟು, ಬೇರೆ ಕಾರಣಕ್ಕೆ. ಡೀಟೇಲನ್ನ ಲಿಸ್ಟಿನ ಒಳಗೆ ಮಗು ರೌಟ್ ಮಾಡ್ದೆ, ಎಣಿಕೆಯನ್ನ ಡೀಟೇಲ್ ಒಳಗೆ. ಈಗ ಹಳದಿ ಪಟ್ಟಿ ಮುಟ್ಟಿ ಸೀದಾ ಎಣಿಕೆಗೆ ಹೋದ್ರೂ ಕೆಳಗೆ ಡೀಟೇಲು, ಅದರ ಕೆಳಗೆ ಲಿಸ್ಟು ತಾನಾಗೇ ಜೋಡಿಸ್ಕೊಂಡಿರತ್ತೆ. ಬುಕ್ಕಿನ ಹಾಳೆಯಲ್ಲಿ ಹಾಕಿದ್ದ ಬರೋ ಬಾಣಗಳು ಹಾಗೇ ಕೋಡಲ್ಲಿ ಕೂತ್ವು. ಒಂದೇ ಲುಕ್ಸಾನು, ಗೋ ವಾಪಸ್ ಏನೂ ಕೊಡಲ್ಲ, ಅವೇಟ್ ಮಾಡಿ ಲಿಸ್ಟ್ ರಿಫ್ರೆಶ್ ಮಾಡೋ ಹಳೇ ಉಪಾಯ ನಡೆಯಲ್ಲ. ಡೇಟಾಬೇಸ್ ಕ್ಲಾಸನ್ನ ಚೇಂಜ್‌ನೋಟಿಫೈಯರ್ ಮಾಡಿ, ಬರೆದಾಗೆಲ್ಲ ಕೂಗಿ ಹೇಳೋ ಹಾಗೆ ಮಾಡಿದ್ಮೇಲೆ ಲಿಸ್ಟು ತಾನೇ ಕೇಳಿಸ್ಕೊಂಡು ಬದಲಾಗತ್ತೆ. ಇನ್ನೊಂದು, ರೌಟರ್ ನಂದು ಗ್ಲೋಬಲ್ ವೇರಿಯಬಲ್‌ನಲ್ಲಿದೆ, ರೌಟ್ ಬದಲಾಯಿಸಿ ಹಾಟ್ ರಿಲೋಡ್ (ಓಡ್ತಿರೋ ಆ್ಯಪ್‌ಗೇ ಹೊಸ ಕೋಡ್ ಸೇರಿಸೋದು) ಕೊಟ್ರೆ ಹಿಡಿಯಲ್ಲ, ಹಾಟ್ ರಿಸ್ಟಾರ್ಟ್ (ಆ್ಯಪನ್ನ ಮೊದಲಿಂದ ಶುರು ಮಾಡೋದು) ಕೊಡ್ಬೇಕು, ಗೊತ್ತಿಲ್ಲದೆ ಸರಿಯಾಗಿರೋ ಕೋಡನ್ನ ಮೂರು ಸಲ ತಿದ್ದಿದ್ದೆ.

ಟ್ಯಾಬ್‌ಗಳಿಗೆ ಸ್ಟೇಟ್‌ಫುಲ್‌ಶೆಲ್‌ರೌಟ್‌ನ ಇಂಡೆಕ್ಸ್ಡ್‌ಸ್ಟ್ಯಾಕ್ ಬಳಸ್ದೆ, ಪ್ರತಿ ಟ್ಯಾಬಿಗೂ ಬೇರೆ ನ್ಯಾವಿಗೇಟರ್, ಸ್ಟಾಕ್ ನೋಡಿ ವಾಪಸ್ ಆರ್ಡರ್ ಟ್ಯಾಬಿಗೆ ಬಂದ್ರೆ ಸ್ಕ್ರೋಲ್ ಮಾಡಿದ ಜಾಗ ಕೂಡ ಹಾಗೇ ಇರತ್ತೆ. ಎಣಿಕೆ ಸ್ಕ್ರೀನಿಗೆ ಮಾತ್ರ ಪೇರೆಂಟ್ ನ್ಯಾವಿಗೇಟರ್ ಕೀ ಕೊಟ್ಟು ಟ್ಯಾಬ್‌ಗಳಿಗೂ ಹೊರಗಿರೋ ರೂಟ್ ನ್ಯಾವಿಗೇಟರ್ ಮೇಲೆ ಕೂರಿಸ್ದೆ, ಅದು ತೆರೆದಾಗ ಕೆಳಗಿನ ಪಟ್ಟಿ ಮುಚ್ಚಿಹೋಗತ್ತೆ. ಒಂದೇ ಕೈಯಲ್ಲಿ ಫೋನ್ ಹಿಡಿದು ಹೆಬ್ಬೆರಳಲ್ಲಿ ಪ್ಲಸ್ ಒತ್ತೋರಿಗೆ ಅಲ್ಲಿ ಟ್ಯಾಬ್ ಇರ್ಲೇಬಾರ್ದು.

ಹೋದ ಭಾನುವಾರ ಒಂದು ಮದ್ವೆ ಲೋಡ್ ವಾಪಸ್ ಬಂತು. ಮಾವ ಹದಿನೇಳು ಸಾಲು ಎಣಿಸಿದ್ರು, ಕಾಲ್ ಬಂತು, ಮಾತಾಡ್ತಾ ಗೋಡೌನ್ ಒಳಗೆ ಹೋಗಿ ಯಾರಿಗೋ ಜಮಖಾನದ ಫೋಟೋ ತೆಗೆದು ಕಳಿಸಿ ಹತ್ತು ನಿಮಿಷ ಬಿಟ್ಟು ಬಂದ್ರು. ಆ್ಯಪ್ ತೆಗೆದ್ರೆ ಲಿಸ್ಟು, ಮೇಲೆ ಹಳದಿ ಪಟ್ಟಿ. ಮುಟ್ಟಿದ್ರು, ಹದಿನೇಳೂ ಅಲ್ಲೇ ಇತ್ತು. ನನ್ನ ಕಡೆ ನೋಡ್ಲೂ ಇಲ್ಲ, "ಜಾಲರಿ ಸೌಟು ಎಷ್ಟ್ರೋ" ಅಂತ ಹುಡುಗರನ್ನ ಕೇಳ್ತಾ ಹದಿನೆಂಟನೇ ಸಾಲಿಗೆ ಹೋದ್ರು.